ಮನೆಯಲ್ಲೇ ಪಾರದರ್ಶಕ ಎರಕ: ಪುಟಾಣಿ ಕಾರಿನ ಹೆಡ್‌ಲೈಟ್ ಗಾಜಿನಿಂದ ಶುರು ಮಾಡಿ

ಸ್ಕೇಲ್ ಮಾಡೆಲ್, ಅಂದರೆ ನಿಜದ ವಾಹನವನ್ನು ಅಳತೆ ಪ್ರಕಾರ ಕುಗ್ಗಿಸಿದ ಮಾದರಿ, ಮಾಡುವವರು ಪದೇ ಪದೇ ಕೇಳುವ ಪ್ರಶ್ನೆ ಇದು: "ಹೆಡ್‌ಲೈಟ್ ಗಾಜು ಕಳೆದುಹೋಗಿದೆ, ಮನೆಯಲ್ಲೇ ಮಾಡ್ಕೊಳ್ಳೋಕೆ ಆಗುತ್ತಾ?" ಆಗುತ್ತದೆ. ಸ್ವಲ್ಪ ದಿನ ಬಿಟ್ಟು ಅವರೇ ಇನ್ನೊಂದು ಪ್ರಶ್ನೆ ತರುತ್ತಾರೆ: "ಮಾಡಿದೆ, ಮಂಜು ಮಂಜಾಗಿ ಬಂತು. ಯಾವ ಕಂಪನಿಯ ರೆಸಿನ್ ತಗೊಳ್ಳಲಿ?"

ರೆಸಿನ್ ಅಂದರೆ ಅಚ್ಚಿಗೆ ಹೊಯ್ದ ಮೇಲೆ ಗಟ್ಟಿಯಾಗುವ ದ್ರವ. ಹೆಚ್ಚಿನ ಸಲ ಅದರ ಮೇಲೆ ಸುಮ್ನೆ ಅಪವಾದ. ಗಾಜಿನ ಹೊಳಪು ಬಾಟಲಿಯಿಂದ ಬರುವುದಿಲ್ಲ, ಮಾಸ್ಟರ್‌ನಿಂದ ಬರುತ್ತದೆ. ಮಾಸ್ಟರ್ ಅಂದರೆ ಅಚ್ಚು ತೆಗೆಯಲು ಇಡುವ ಮೂಲ ತುಂಡು. ಅದರ ಮೇಲೆ ಒಂದು ಗೀರು ಇದ್ದರೆ ಅಚ್ಚಿನಲ್ಲೂ ಇರುತ್ತದೆ, ಆ ಅಚ್ಚಿನಿಂದ ಬರುವ ಪ್ರತಿ ತುಂಡಿನಲ್ಲೂ ಇರುತ್ತದೆ. ಬಣ್ಣದ ಭಾಗವಾದರೆ ಪ್ರೈಮರ್ ಹೊಡೆದು ಮುಚ್ಚಬಹುದು. ಗಾಜಿನಲ್ಲಿ ಏನನ್ನೂ ಮುಚ್ಚಲಾಗದು. ಹಾಗಾಗಿ ಈ ಲೇಖನದಲ್ಲಿ ಮಾಸ್ಟರ್ ಬಗ್ಗೆ ಜಾಸ್ತಿ ಕೊರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಯಾವುದಕ್ಕೆ ಎರಕ ಸರಿ, ಯಾವುದಕ್ಕೆ ಬೇಡ

ಹೆಡ್‌ಲೈಟ್, ಟೈಲ್ ಲ್ಯಾಂಪ್, ಇಂಡಿಕೇಟರ್, ವಿಮಾನದ ರೆಕ್ಕೆ ತುದಿಯ ದೀಪ, ಹಡಗಿನ ಲಾಂದ್ರ. ಇಂಥ ಸಣ್ಣ, ಗಟ್ಟಿ, ಒಳಗೆ ಟೊಳ್ಳಿಲ್ಲದ ಭಾಗಗಳಿಗೆ ಎರಕ ಹೇಳಿ ಮಾಡಿಸಿದಂತಿದೆ.

ಕಾರಿನ ಮುಂದಿನ ದೊಡ್ಡ ಗಾಜು ಮತ್ತು ವಿಮಾನದ ಕ್ಯಾನೊಪಿ, ಅಂದರೆ ಪೈಲಟ್ ತಲೆಯ ಮೇಲಿನ ಗಾಜಿನ ಮುಚ್ಚಳ, ಬೇರೆ ಕಥೆ. ಕೈಯಲ್ಲಿ ಎರಕ ಹೊಯ್ದು 1 ಮಿ.ಮೀ.ಗಿಂತ ತೆಳ್ಳಗೆ ತರುವುದು ಕಷ್ಟ. 1/72 ಸ್ಕೇಲ್‌ನಲ್ಲಿ 1 ಮಿ.ಮೀ. ಅಂದರೆ ನಿಜದ ಲೆಕ್ಕದಲ್ಲಿ 72 ಮಿ.ಮೀ., ಹತ್ತಿರ ಹತ್ತಿರ 3 ಇಂಚು ದಪ್ಪದ ಗಾಜು! ಒಳಗಿನ ಸೀಟು, ಪೈಲಟ್ ಎಲ್ಲ ಸೊಟ್ಟ ಕಾಣುತ್ತವೆ. ನಮ್ಮ ಎಚ್‌ಎಎಲ್‌ನ ಮಾರುತ್ ವಿಮಾನದ ಮಾದರಿಗೆ ಕ್ಯಾನೊಪಿ ಬೇಕು ಅಂತಿದ್ದರೆ, ಮರದಲ್ಲಿ ಆಕಾರ ಕೆತ್ತಿ, ಅದರ ಮೇಲೆ ತೆಳು ಪ್ಲಾಸ್ಟಿಕ್ ಹಾಳೆಯನ್ನು ಬಿಸಿ ಮಾಡಿ ಎಳೆಯುವುದೇ ವಾಸಿ. ಎರಕದ ಹಟ ಬೇಡ.

ಇಲ್ಲಿ ಅಭ್ಯಾಸಕ್ಕೆ ತೆಗೆದುಕೊಳ್ಳೋಣ ಅಂಬಾಸಡರ್‌ನ ದುಂಡು ಹೆಡ್‌ಲೈಟ್. ಅದು 7 ಇಂಚಿನದು, ಅಂದರೆ ಸುಮಾರು 178 ಮಿ.ಮೀ. ಹಳೆಯ ಜೀಪಿಗೂ ಬುಲೆಟ್ ಬೈಕಿಗೂ ಇದೇ ಅಳತೆ. 1/24ರಲ್ಲಿ 7.4 ಮಿ.ಮೀ., 1/43ರಲ್ಲಿ 4.1 ಮಿ.ಮೀ., 1/12ರ ಬೈಕಾದರೆ 14.8 ಮಿ.ಮೀ. ಆಗುತ್ತದೆ. ಗಾಜು ರಿಂಗಿನ ಒಳಗೆ ಕೂರಬೇಕು, ಆದ್ದರಿಂದ ಕೊನೆಗೆ ನಿಮ್ಮ ಮಾದರಿಯ ಗುಂಡಿಯನ್ನೇ ಅಳೆದು ಕೂದಲೆಳೆಯಷ್ಟು ಕಮ್ಮಿ ಇಟ್ಟುಕೊಳ್ಳಿ.

ಏನೇನು ಬೇಕು

ಪಾರದರ್ಶಕ ಎಪಾಕ್ಸಿ ರೆಸಿನ್ ಮತ್ತು ಅದರ ಹಾರ್ಡನರ್, ಅಂದರೆ ರೆಸಿನ್ ಗಟ್ಟಿಯಾಗಲು ಅದಕ್ಕೆ ಬೆರೆಸುವ ಎರಡನೇ ದ್ರವ. ರೆಸಿನ್ ಆರ್ಟ್ ಫ್ಯಾಷನ್ ಬಂದ ಮೇಲೆ ಇದು ಕ್ರಾಫ್ಟ್ ಅಂಗಡಿಗಳಲ್ಲೂ ಸಿಗುತ್ತಿದೆ. ನಿಧಾನವಾಗಿ ಗಟ್ಟಿಯಾಗುವ, ನೀರಾಗಿ ಹರಿಯುವಂಥದ್ದನ್ನೇ ಕೇಳಿ. ಐದು ನಿಮಿಷದಲ್ಲಿ ಅಂಟುವ ಎಪಾಕ್ಸಿ ಬೇಡ, ಗುಳ್ಳೆ ಹೊರಗೆ ಬರುವಷ್ಟು ಸಮಯವನ್ನೇ ಅದು ಕೊಡುವುದಿಲ್ಲ.

ಅಚ್ಚಿಗೆ ಸಿಲಿಕೋನ್ ರಬ್ಬರ್. ಎರಡು ಜಾತಿ ಇವೆ. ಟಿನ್ ಸಿಲಿಕೋನ್ ಅಗ್ಗ, ಅಷ್ಟು ಮಡಿ ಮೈಲಿಗೆ ಇಲ್ಲ. ನೂರು ಗ್ರಾಂಗೆ ಕೆಲವೇ ಗ್ರಾಂ ಕ್ಯಾಟಲಿಸ್ಟ್ (ಗಟ್ಟಿಯಾಗಿಸುವ ದ್ರವ) ಹಾಕುವ ತರಹದ್ದು. ಪ್ಲಾಟಿನಂ ಸಿಲಿಕೋನ್ ದುಬಾರಿ, ಜಾಸ್ತಿ ಬಾಳಿಕೆ ಬರುತ್ತದೆ, ಆದರೆ ಮುನಿಸು ಜಾಸ್ತಿ. ಗಂಧಕ ಇರುವ ಜೇಡಿ, ಲೇಟೆಕ್ಸ್ ಗ್ಲೌಸ್, ಪೂರ್ತಿ ಒಣಗದ 3ಡಿ ಪ್ರಿಂಟ್, ಟಿನ್ ಸಿಲಿಕೋನ್ ಮೆತ್ತಿದ ಕಡ್ಡಿ, ಇವುಗಳಲ್ಲಿ ಯಾವುದು ತಾಕಿದರೂ ಅದು ಅಂಟಂಟಾಗಿ ಉಳಿಯುತ್ತದೆ. ಮೊದಲ ಸಲಕ್ಕೆ ಟಿನ್ ಸಾಕು.

ಇನ್ನು 0.01 ಗ್ರಾಂ ತೋರಿಸುವ ಜೇಬು ತಕ್ಕಡಿ, ನೈಟ್ರೈಲ್ ಗ್ಲೌಸ್, ಪ್ಲಾಸ್ಟಿಕ್ ಲೋಟ, ಐಸ್‌ಕ್ರೀಮ್ ಕಡ್ಡಿ, ಟೂತ್‌ಪಿಕ್, ಓಎಚ್‌ಪಿ ಹಾಳೆ (ಪ್ರೊಜೆಕ್ಟರ್‌ಗೆ ಬಳಸುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆ), 600ರಿಂದ 2000 ನಂಬರ್‌ವರೆಗಿನ ವಾಟರ್ ಪೇಪರ್, ಹಿತ್ತಾಳೆಗೆ ಹೊಳಪು ಕೊಡುವ ಬ್ರಾಸೊ. ವಾಟರ್ ಪೇಪರ್ ಅಂದರೆ ನೀರು ಹಾಕಿ ಉಜ್ಜುವ ಕಪ್ಪು ಉಜ್ಜುಕಾಗದ, ಪೇಂಟ್ ಅಂಗಡಿಯಲ್ಲಿ ಹಾಗೇ ಕೇಳಿ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಎಪಾಕ್ಸಿ ಚರ್ಮಕ್ಕೆ ಮೆತ್ತಿದರೆ ಮೊದಮೊದಲು ಏನೂ ಆಗದಿರಬಹುದು. ಮತ್ತೆ ಮತ್ತೆ ಮೆತ್ತಿದರೆ ಅಲರ್ಜಿ ಶುರುವಾಗಬಹುದು, ಆಮೇಲೆ ಜೀವನಪರ್ಯಂತ ಆ ಬಾಟಲಿ ಮುಟ್ಟುವ ಹಾಗಿಲ್ಲ. ಗ್ಲೌಸ್ ಹಾಕಿ, ಕಿಟಕಿ ತೆಗೆದಿಡಿ. ಅಡುಗೆಮನೆ ಬೇಡ, ಅಡುಗೆ ಪಾತ್ರೆಯಂತೂ ಬೇಡವೇ ಬೇಡ. ಪಾರದರ್ಶಕ ಪಾಲಿಯುರೆಥೇನ್ ಎಂಬ ಇನ್ನೊಂದು ರೆಸಿನ್ ಬಗ್ಗೆ ಕೆಲವರು ಕೇಳುತ್ತಾರೆ. ಅದರಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ತೇವ ತಾಕಿದರೆ ನೊರೆಯೂ ಏಳುತ್ತದೆ. ಸರಿಯಾದ ಮಾಸ್ಕ್ ಮತ್ತು ಬೇರೆ ಕೋಣೆ ಇಲ್ಲದವರು ಅದರ ಸಹವಾಸಕ್ಕೆ ಹೋಗದಿರುವುದೇ ಒಳ್ಳೆಯದು.

ಹಂತ 1: ಮಾಸ್ಟರ್ ಮಾಡಿ, ಕನ್ನಡಿ ಆಗುವವರೆಗೆ ಉಜ್ಜಿ

8 ಮಿ.ಮೀ. ಅಕ್ರಿಲಿಕ್ ಕಡ್ಡಿಯ ಒಂದು ತುಂಡನ್ನು ಡ್ರಿಲ್ ಮಶಿನ್‌ನ ಬಾಯಿಗೆ ಸಿಕ್ಕಿಸಿ, ನಿಧಾನ ವೇಗದಲ್ಲಿ ತಿರುಗಿಸಿ. ಕಣ್ಣಿಗೆ ಕನ್ನಡಕ ಇರಲಿ. ಮೊದಲು ಅರದಿಂದ ಸುತ್ತಳತೆಯನ್ನು ಸರಿಮಾಡಿ, ಆಮೇಲೆ ತುದಿಗೆ ಉಬ್ಬು ಕೊಡಿ. ಹೆಡ್‌ಲೈಟಿನ ಉಬ್ಬು ತುಂಬ ಕಮ್ಮಿ. ಅರ್ಧ ಗೋಲಿಯ ಹಾಗೆ ಮಾಡಿದರೆ ಕಾರು ಕಪ್ಪೆಯಂತೆ ಕಾಣುತ್ತದೆ.

ಈಗ ಉಜ್ಜುವ ಕೆಲಸ. 600, 1000, 1500, 2000, ಈ ಕ್ರಮದಲ್ಲಿ, ಪ್ರತಿ ಸಲ ನೀರು ಹಾಕಿ. ಒಂದು ನಂಬರ್ ಹಾರಿಸಿ ಮುಂದಕ್ಕೆ ಹೋದರೆ ಹಿಂದಿನ ಗೀರು ಅಲ್ಲೇ ಉಳಿಯುತ್ತದೆ, ಮುಂದಿನ ನುಣುಪು ಕಾಗದ ಅದನ್ನು ಬರೀ ಮರೆಮಾಚುತ್ತದೆ. ಪ್ರತಿ ನಂಬರ್ ಮುಗಿದ ಮೇಲೆ ತುಂಡನ್ನು ತೊಳೆದು ಒರೆಸಿ, ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡಿದು ನೋಡಿ. ಬೆಳಕಿನ ಗೆರೆ ತುಂಡಿನ ಮೇಲೆ ಜಾರುವಾಗ ಎಲ್ಲಾದರೂ ಮುರಿದರೆ ಅಲ್ಲಿ ಗೀರು ಇದೆ ಅಂತ ಅರ್ಥ. 2000 ಆದ ಮೇಲೆ ಮೆತ್ತನೆ ಬಟ್ಟೆಗೆ ಎರಡು ಹನಿ ಬ್ರಾಸೊ ಹಾಕಿ ತಿಕ್ಕಿ. ಟ್ಯೂಬ್‌ಲೈಟ್‌ನ ಅಂಚು ಚೂಪಾಗಿ ಕಾಣುವವರೆಗೆ ನಿಲ್ಲಿಸಬೇಡಿ.

ಆಮೇಲೆ ಸೋಪು ನೀರಲ್ಲಿ ತೊಳೆಯಿರಿ. ಸ್ಪಿರಿಟ್ ಹಾಕಿ ಒರೆಸಬೇಡಿ, ಅಕ್ರಿಲಿಕ್‌ನಲ್ಲಿ ಸೂಕ್ಷ್ಮ ಬಿರುಕು ಬಿಡಬಹುದು. 2 ಮಿ.ಮೀ. ದಪ್ಪಕ್ಕೆ ಸಣ್ಣ ಗರಗಸದಿಂದ ಕೊಯ್ದು, ಹಿಂಬದಿಯನ್ನು ಸಪಾಟು ಮಾಡಿ.

ನಿಜದ ಹೆಡ್‌ಲೈಟಿನಲ್ಲಿ ಉದ್ದುದ್ದ ಗೆರೆಗಳಿರುತ್ತವೆ, ಅಲ್ವಾ? ಅವನ್ನು ಉಬ್ಬಿನ ಮೇಲೆ ಕೊರೆಯಲು ಹೋಗಬೇಡಿ. ಸಪಾಟಾದ ಹಿಂಬದಿಯಲ್ಲಿ ಕೊರೆಯುವುದು ಸುಲಭ, ಅದನ್ನೂ ಎರಕ ಆದ ಮೇಲೆ ಮಾಡಿದರೆ ಸಾಕು. ಗಾಜಿನ ಒಳಗಿಂದ ಅವು ಕಾಣುತ್ತವೆ, ಮುಂಬದಿ ನುಣ್ಣಗೇ ಇರುತ್ತದೆ.

3ಡಿ ಪ್ರಿಂಟ್ ಮಾಡಿದ ಮಾಸ್ಟರ್ ಬಳಸುವವರೂ ಇದೇ ಉಜ್ಜಾಟ ಆಡಲೇಬೇಕು. ಪದರದ ಗೆರೆಗಳು ಕಣ್ಣಿಗೆ ಕಾಣದಿದ್ದರೂ ಪಾರದರ್ಶಕ ಎರಕದಲ್ಲಿ ಕಾಣುತ್ತವೆ.

ಹಂತ 2: ಅಚ್ಚು

ಒಂದು ಗಾಜಿಗೆ ಬೇಕಾಗುವ ರೆಸಿನ್ ಸುಮಾರು 0.1 ಗ್ರಾಂ ಮಾತ್ರ. ಅಷ್ಟನ್ನು ಅಳೆದು ಕಲಸಲು ಆಗುವುದೇ ಇಲ್ಲ. ಹಾಗಾಗಿ ನಾಲ್ಕಾರು ಮಾಸ್ಟರ್ ಮಾಡಿ, ಇಲ್ಲವೇ ಬೇರೆ ಬೇರೆ ಅಳತೆಯ ದೀಪಗಳನ್ನು ಒಟ್ಟಿಗೆ ಒಂದೇ ಅಚ್ಚಿನಲ್ಲಿ ಕೂರಿಸಿ.

ಸನ್‌ಮೈಕಾ ತುಂಡಿನ ಮೇಲೆ ಮಾಸ್ಟರ್‌ಗಳನ್ನು, ಉಬ್ಬು ಮೇಲೆ ಬರುವಂತೆ, ಒಂದು ಚುಕ್ಕಿ ಫೆವಿಕಾಲ್ ಹಾಕಿ ಅಂಟಿಸಿ. ಪೂರ್ತಿ ಒಣಗಲಿ. ಹಿಂಬದಿಯ ಅಂಚಿನಲ್ಲಿ ಸಂದು ಉಳಿದರೆ ಸಿಲಿಕೋನ್ ಒಳಗೆ ನುಗ್ಗುತ್ತದೆ. ಗಾಜಿನ ತುಂಡು ಅಥವಾ ಹೊಳಪಿನ ಟೈಲ್ಸ್ ಮೇಲೆ ಈ ಕೆಲಸ ಬೇಡ. ಸಿಲಿಕೋನ್ ಪ್ಲಾಸ್ಟಿಕ್ಕಿಗೆ ಅಂಟುವುದಿಲ್ಲ, ಗಾಜಿಗೆ ಮಾತ್ರ ಬಿಡಿಸಲಾಗದಂತೆ ಅಂಟಬಹುದು.

ಸುತ್ತ ಗೋಡೆಗೆ ಪಿವಿಸಿ ಪೈಪಿನ ತುಂಡು ಅಥವಾ ತಳ ಕತ್ತರಿಸಿದ ಪ್ಲಾಸ್ಟಿಕ್ ಡಬ್ಬಿ ಸಾಕು. ಮಾಸ್ಟರ್‌ನಿಂದ ಗೋಡೆಗೆ ಮತ್ತು ಮೇಲಕ್ಕೆ 8–10 ಮಿ.ಮೀ. ಜಾಗ ಬಿಡಿ. ಎಷ್ಟು ಸಿಲಿಕೋನ್ ಬೇಕು ಅಂತ ತಿಳಿಯಲು, ಮಾಸ್ಟರ್ ಅಂಟಿಸುವ ಮೊದಲೇ ಖಾಲಿ ಡಬ್ಬಿಗೆ ರಾಗಿ ತುಂಬಿ, ಅದನ್ನು ಅಳತೆಯ ಲೋಟಕ್ಕೆ ಸುರಿದು ನೋಡಿಕೊಳ್ಳಿ. ನೀರಿನ ಒದ್ದೆಯ ರಗಳೆ ಇರುವುದಿಲ್ಲ.

ಸಿಲಿಕೋನ್ ಕಲಸುವಾಗ ಲೋಟದ ತಳ ಮತ್ತು ಅಂಚನ್ನು ಕೆರೆದು ಕೆರೆದು ಕಲಸಿ. ಮೊದಲು ಬ್ರಶ್‌ನಿಂದ ಮಾಸ್ಟರ್‌ಗಳ ಮೇಲೆ ತೆಳುವಾಗಿ ಬಳಿಯಿರಿ. ಗುಳ್ಳೆ ಕೂರುವುದು ಅಲ್ಲೇ. ಉಳಿದದ್ದನ್ನು ಎತ್ತರದಿಂದ, ದಾರದಷ್ಟು ಸಣ್ಣ ಧಾರೆಯಾಗಿ, ಒಂದೇ ಮೂಲೆಗೆ ಬಿಡಿ. ಧಾರೆ ಹಿಗ್ಗುವಾಗ ಒಳಗಿನ ಗುಳ್ಳೆ ಒಡೆಯುತ್ತದೆ, ಸಿಲಿಕೋನ್ ತಾನಾಗಿಯೇ ಹರಿದು ಮಾಸ್ಟರ್‌ಗಳನ್ನು ಮುಚ್ಚುತ್ತದೆ.

ಬಾಟಲಿ ಮೇಲೆ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ ಒಂದು ದಿನ, ಮುಟ್ಟದೆ ಬಿಡಿ. ಟಿನ್ ಸಿಲಿಕೋನ್ ಆದರೆ ಮಾಸ್ಟರ್ ಬಿಡಿಸಿದ ಮೇಲೆ ಅಚ್ಚನ್ನು ಇನ್ನೂ ಒಂದೆರಡು ದಿನ ಗಾಳಿಗೆ ಇಡಬೇಕು. ಗಟ್ಟಿಯಾಗುವಾಗ ಅದು ಸ್ವಲ್ಪ ಆಲ್ಕೋಹಾಲ್ ಬಿಡುತ್ತದೆ. ಅದು ಹೋಗುವ ಮೊದಲೇ ರೆಸಿನ್ ಹೊಯ್ದರೆ ಮೇಲ್ಮೈ ಅಂಟಂಟಾಗಿ ಅಥವಾ ಮಂಕಾಗಿ ಬರುತ್ತದೆ. "ಯಾವ ರೆಸಿನ್ ತಗೊಳ್ಳಲಿ" ಎಂದು ಕೇಳುವವರಲ್ಲಿ ಈ ಆತುರದವರೂ ಇದ್ದಾರೆ.

ಅಚ್ಚಿನ ಒಳಗೆ ರಿಲೀಸ್ ಸ್ಪ್ರೇ, ಎಣ್ಣೆ, ವ್ಯಾಸಲಿನ್ ಏನೂ ಹಚ್ಚಬೇಡಿ. ಎಪಾಕ್ಸಿ ಸಿಲಿಕೋನ್‌ಗೆ ಹಿಡಿಯುವುದಿಲ್ಲ. ಹಚ್ಚಿದರೆ ಇಷ್ಟು ಹೊತ್ತು ಉಜ್ಜಿ ತಂದ ಹೊಳಪು ಹೋಯಿತು. ದೂಳು ಬಿದ್ದಿದ್ದರೆ ಸೆಲ್ಲೊಟೇಪಿನ ಅಂಟು ಬದಿಯನ್ನು ಒತ್ತಿ ತೆಗೆಯಿರಿ.

ಹಂತ 3: ರೆಸಿನ್ ಕಲಸುವುದು

ಮೊದಲು ಬಾಟಲಿಗಳನ್ನು ನೋಡಿ. ಹಾರ್ಡನರ್ ಹಳದಿಯಾಗಿದ್ದರೆ ಗಾಜೂ ಹಳದಿ ಬರುತ್ತದೆ. ರೆಸಿನ್ ತಳದಲ್ಲಿ ಬೆಳ್ಳಗೆ ಗಟ್ಟಿ ಕಟ್ಟಿದ್ದರೆ ಕೆಟ್ಟಿದೆ ಅಂತ ಎಸೆಯಬೇಡಿ. ಚಳಿಗೆ ಹರಳುಗಟ್ಟಿದೆ ಅಷ್ಟೆ. ಮುಚ್ಚಳ ಬಿಗಿ ಮಾಡಿ ಬಿಸಿ ನೀರಿನಲ್ಲಿ ಇಟ್ಟರೆ ತಿಳಿಯಾಗುತ್ತದೆ. ಹರಳಿಲ್ಲದಿದ್ದರೂ ರೆಸಿನ್ ಬಾಟಲಿಯನ್ನು ಹತ್ತು ನಿಮಿಷ ಬೆಚ್ಚಗಿನ ನೀರಲ್ಲಿಟ್ಟು ಬಳಸಿ. ತೆಳುವಾದಷ್ಟೂ ಗುಳ್ಳೆ ಬೇಗ ಮೇಲೆ ಬರುತ್ತದೆ. ಬಾಟಲಿಯ ಹೊರಗಿನ ನೀರನ್ನು ಒರೆಸಿಕೊಂಡೇ ಮುಚ್ಚಳ ತೆರೆಯಿರಿ.

ಅಳತೆಯಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಬಾಟಲಿ ಮೇಲೆ 2:1 ಅಂತ ಇರುತ್ತದೆ. ಅದು ತೂಕದ ಲೆಕ್ಕವೋ, ಗಾತ್ರದ ಲೆಕ್ಕವೋ? ಸಾಮಾನ್ಯವಾಗಿ ರೆಸಿನ್ ಹಾರ್ಡನರ್‌ಗಿಂತ ಭಾರ. ಗಾತ್ರದ 2:1 ಅನ್ನು ತಕ್ಕಡಿಯಲ್ಲಿ ತೂಗಿದರೆ ಹಾರ್ಡನರ್ ಜಾಸ್ತಿಯಾಗುತ್ತದೆ. ಗಾತ್ರ ಅಂತಿದ್ದರೆ ಸೂಜಿ ಇಲ್ಲದ ಸಿರಿಂಜ್, ತೂಕ ಅಂತಿದ್ದರೆ ತಕ್ಕಡಿ. ಬೇಗ ಗಟ್ಟಿಯಾಗಲಿ ಅಂತ ಹಾರ್ಡನರ್ ಎರಡು ಹನಿ ಜಾಸ್ತಿ ಹಾಕುವ ಅಭ್ಯಾಸವೂ ಬೇಡ. ಎಪಾಕ್ಸಿಯಲ್ಲಿ ಅದರಿಂದ ಬೇಗ ಆಗುವುದಿಲ್ಲ, ಮೆತ್ತಗೆ ಉಳಿಯುತ್ತದೆ ಅಷ್ಟೆ.

ಒಟ್ಟು 15–20 ಗ್ರಾಂಗಿಂತ ಕಮ್ಮಿ ಕಲಸಬೇಡಿ. 3 ಗ್ರಾಂ ಕಲಸುವಾಗ ಒಂದು ಹನಿ ಹೆಚ್ಚುಕಮ್ಮಿ ಆದರೂ ದೊಡ್ಡ ತಪ್ಪು. ಉಳಿದದ್ದು ದಂಡವಾಗುತ್ತದೆ ನಿಜ, ಏನೂ ಮಾಡುವ ಹಾಗಿಲ್ಲ.

ಮೂರರಿಂದ ಐದು ನಿಮಿಷ, ನಿಧಾನವಾಗಿ, ಬೀಸದೆ ಕಲಸಿ. ಶುರುವಿನಲ್ಲಿ ಲೋಟದೊಳಗೆ, ನೀರಿಗೆ ಸಕ್ಕರೆ ಹಾಕಿದಾಗ ಕಾಣುವಂಥ ಎಳೆಗಳು ಕಾಣುತ್ತವೆ. ಅವು ಪೂರ್ತಿ ಮಾಯವಾಗಬೇಕು. ಆಮೇಲೆ ಎಲ್ಲವನ್ನೂ ಇನ್ನೊಂದು ಒಣ ಲೋಟಕ್ಕೆ ಸುರಿದು ಮತ್ತೊಂದು ನಿಮಿಷ ಕಲಸಿ. ಮೊದಲ ಲೋಟದ ಅಂಚಿಗೆ ಅಂಟಿದ್ದ ಬೆರೆಯದ ರೆಸಿನ್ ಅಲ್ಲೇ ಉಳಿಯಲಿ, ಅದನ್ನು ಕೆರೆಯಬೇಡಿ. ಕಲಸಿದ್ದನ್ನು ಐದು ನಿಮಿಷ ಬಿಡಿ. ತುಂಬ ಹೊತ್ತು ಲೋಟದಲ್ಲೇ ಬಿಟ್ಟರೆ ರಾಶಿಯಾಗಿರುವ ರೆಸಿನ್ ತಾನಾಗಿಯೇ ಬಿಸಿಯಾಗಿ, ಹೊಗೆಯಾಡಿ, ಗಟ್ಟಿಯಾಗುವುದುಂಟು.

ಟೈಲ್ ಲ್ಯಾಂಪಿಗೆ ಕೆಂಪು, ಇಂಡಿಕೇಟರ್‌ಗೆ ಕಿತ್ತಳೆ ಬೇಕಾದರೆ ಈಗ ಸೇರಿಸಿ. ಆಲ್ಕೋಹಾಲ್ ಇಂಕ್‌ನಲ್ಲಿ ಟೂತ್‌ಪಿಕ್ ತುದಿ ಅದ್ದಿ ಮುಟ್ಟಿಸಿದರೆ ಸಾಕು. ವಾಟರ್ ಕಲರ್, ಪೋಸ್ಟರ್ ಕಲರ್ ಹಾಕಿದರೆ ಹಾಲಿನಂತೆ ಮಬ್ಬಾಗುತ್ತದೆ. ವಿಮಾನ, ಹಡಗು ಮಾಡುವವರಿಗೆ ಒಂದು ನೆನಪು: ಮುಂದಕ್ಕೆ ಮುಖ ಮಾಡಿ ಕೂತವರ ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು.

ಹಂತ 4: ಹೊಯ್ಯುವುದು

ಟೂತ್‌ಪಿಕ್‌ನಿಂದ ಒಂದು ಹನಿ ತೆಗೆದು ಅಚ್ಚಿನ ಪ್ರತಿ ಗುಳಿಯ ತಳಕ್ಕೆ ಸವರಿ. ಅಚ್ಚನ್ನು ಮಗುಚಿ ಇಟ್ಟಿರುವುದರಿಂದ ಉಬ್ಬಿನ ಮುಂಬದಿ ಈಗ ಕೆಳಗಿದೆ, ಗುಳ್ಳೆ ಅಲ್ಲಿ ಕೂತರೆ ಗಾಜಿನ ಮೂತಿಗೇ ಬರುತ್ತದೆ. ಆಮೇಲೆ ಹನಿ ಹನಿಯಾಗಿ ತುಂಬಿ. ಭೂತಗನ್ನಡಿ ಹಿಡಿದು ನೋಡಿ, ಕಂಡ ಗುಳ್ಳೆಯನ್ನು ಸೂಜಿಯಿಂದ ಮೇಲಕ್ಕೆ ಎಳೆಯಿರಿ.

ಹಾಗೇ ಬಿಟ್ಟರೆ ರೆಸಿನ್ ಅಂಚಿನಲ್ಲಿ ಮೇಲೇರಿ ಮಧ್ಯ ಕುಸಿಯುತ್ತದೆ, ಹಿಂಬದಿ ಬಟ್ಟಲಾಗುತ್ತದೆ. ಇದಕ್ಕೆ ಓಎಚ್‌ಪಿ ಹಾಳೆ ಮದ್ದು. ಗುಳಿ ಸ್ವಲ್ಪ ಉಕ್ಕುವಷ್ಟು ತುಂಬಿ, ಪಾಲಿಯೆಸ್ಟರ್‌ನ ಓಎಚ್‌ಪಿ ಹಾಳೆಯ ಒಂದು ಅಂಚನ್ನು ಅಚ್ಚಿಗೆ ತಾಗಿಸಿ, ಪುಸ್ತಕ ಮುಚ್ಚುವಂತೆ ನಿಧಾನವಾಗಿ ಮಲಗಿಸಿ. ಹೆಚ್ಚಾದದ್ದು ಪಕ್ಕಕ್ಕೆ ಹೋಗುತ್ತದೆ, ಹಿಂಬದಿ ಸಪಾಟಾಗಿ ಹೊಳೆಯುತ್ತ ಬರುತ್ತದೆ. ಮೇಲೆ ಭಾರ ಇಡಬೇಡಿ, ಅಚ್ಚು ಅಮುಕಿಕೊಂಡರೆ ದುಂಡು ಹೋಗಿ ಮೊಟ್ಟೆಯಾಗುತ್ತದೆ.

ಪ್ರೆಶರ್ ಪಾಟ್ ಬೇಕೇ?

ಇಷ್ಟು ಸಣ್ಣ ಭಾಗಕ್ಕೆ ಬೇಡ. ದೊಡ್ಡ ಭಾಗ ಹೊಯ್ಯುವವರು ಅಚ್ಚನ್ನು ಗಾಳಿ ತುಂಬಿದ ಗಟ್ಟಿ ಪಾತ್ರೆಯಲ್ಲಿಟ್ಟು ಗುಳ್ಳೆಯನ್ನು ಕುಗ್ಗಿಸುತ್ತಾರೆ. ಬಾರ್ ಅನ್ನುವುದು ಒತ್ತಡದ ಅಳತೆ. ಮೀಟರ್‌ನಲ್ಲಿ 3 ಬಾರ್ ಅಂದರೆ ಹೊರಗಿನ ಗಾಳಿಯನ್ನೂ ಸೇರಿಸಿ 4 ಬಾರ್; ಗುಳ್ಳೆ ನಾಲ್ಕನೇ ಒಂದು ಭಾಗಕ್ಕೆ ಕುಗ್ಗುತ್ತದೆ, ಅದೇ ಒತ್ತಡದಲ್ಲಿ ಗಟ್ಟಿಯಾಗಿಬಿಟ್ಟರೆ ಕಣ್ಣಿಗೆ ಕಾಣುವುದೇ ಇಲ್ಲ. ಆದರೆ ಅಚ್ಚನ್ನೂ ಒತ್ತಡದಲ್ಲೇ ಅಥವಾ ಗುಳ್ಳೆ ತೆಗೆದೇ ಮಾಡಿರಬೇಕು. ಇಲ್ಲದಿದ್ದರೆ ಸಿಲಿಕೋನ್ ಒಳಗಿನ ಗುಳ್ಳೆಗಳು ಕುಗ್ಗಿ, ಗಾಜಿನ ಮೇಲೆ ಗುಳ್ಳೆಯ ಬದಲು ಮೊಡವೆ ಏಳುತ್ತದೆ.

ಅಡುಗೆಯ ಕುಕ್ಕರ್‌ಗೆ ಕಂಪ್ರೆಸರ್ ಜೋಡಿಸುವ ಐಡಿಯಾ ಯಾರಾದರೂ ಕೊಟ್ಟರೆ ಕೇಳಲೇಬೇಡಿ. ಅದು ಸುಮಾರು 1 ಬಾರ್‌ಗೆ ಸೀಟಿ ಹೊಡೆಯಲು ಮಾಡಿದ ಪಾತ್ರೆ. ಸೀಟಿ ಮುಚ್ಚಿ ಮೂರು ಪಟ್ಟು ಗಾಳಿ ತುಂಬಿದರೆ ಅದು ಬಾಂಬು.

ಹಂತ 5: ಒಣಗುವವರೆಗೆ

ಅಚ್ಚನ್ನು ಸಮತಟ್ಟಾಗಿ ಇಟ್ಟು ಮೇಲೆ ಡಬ್ಬಿ ಮುಚ್ಚಿ. ಸುಮಾರು 25 ಡಿಗ್ರಿ ಇದ್ದರೆ ಒಳ್ಳೆಯದು. ಸಾಮಾನ್ಯವಾಗಿ ಒಂದು ದಿನಕ್ಕೆ ಬಿಡಿಸಬಹುದು, ಪೂರ್ತಿ ಗಟ್ಟಿಯಾಗಲು ಮೂರು ದಿನ ಬೇಕು. ನಡುವೆ ಬೆರಳಿಟ್ಟು ನೋಡುವ ಚಪಲ ಬೇಡ. ಲೋಟದಲ್ಲಿ ಉಳಿದದ್ದನ್ನು ಮುಟ್ಟಿ ನೋಡಿ, ಗ್ಲೌಸ್ ಹಾಕಿಕೊಂಡು.

ಮಂಗಳೂರು, ಶಿರಸಿ ಕಡೆಯವರಿಗೆ ಮಳೆಗಾಲದಲ್ಲಿ ಒಂದು ಕಾಟ. ಗಾಳಿಯ ತೇವ ಹಾರ್ಡನರ್ ಜೊತೆ ಸೇರಿ, ಗಟ್ಟಿಯಾದ ಗಾಜಿನ ಮೇಲೆ ಜಿಡ್ಡು ಜಿಡ್ಡಾದ ಬಿಳಿ ಪೊರೆ ಕಟ್ಟುತ್ತದೆ. ಉಗುರು ಬೆಚ್ಚಗಿನ ನೀರಲ್ಲಿ ತೊಳೆದರೆ ಹೋಗುತ್ತದೆ. ಮೊದಲೇ ತಡೆಯಬೇಕಾದರೆ ಅಚ್ಚನ್ನು ಗಾಳಿಯಾಡದ ಡಬ್ಬಿಯಲ್ಲಿ, ನಾಲ್ಕೈದು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ.

ಮೂರು ದಿನ ಕಾಯಲಾಗದವರಿಗೆ ಯುವಿ ರೆಸಿನ್, ಅಂದರೆ ಅತಿನೇರಳೆ ಬೆಳಕಿಗೆ ಗಟ್ಟಿಯಾಗುವ ರೆಸಿನ್ ಇದೆ. ಒಂದೇ ಬಾಟಲಿ, ಕಲಸುವುದಿಲ್ಲ, ನೇಲ್ ಪಾಲಿಶ್ ಒಣಗಿಸುವ ದೀಪದಲ್ಲಿ ಕೆಲವೇ ನಿಮಿಷ. ಒಂದೆರಡು ಮಿ.ಮೀ. ಪದರಗಳಲ್ಲೇ ಹಾಕಬೇಕು, ದೀಪವನ್ನು ನೇರ ನೋಡಬಾರದು. ಗಾಳಿ ತಾಗಿದ ಮೈ ಅಂಟಂಟಾಗುತ್ತದೆ, ಅದಕ್ಕೂ ಓಎಚ್‌ಪಿ ಹಾಳೆಯೇ ಮದ್ದು.

ಹಂತ 6: ಬಿಡಿಸಿ, ಪರೀಕ್ಷಿಸಿ, ಹೊಳಪು ಕೊಡಿ

ಅಚ್ಚನ್ನು ಹಿಂದಕ್ಕೆ ಬಗ್ಗಿಸಿದರೆ ಗಾಜು ತಾನೇ ಜಿಗಿಯುತ್ತದೆ. ಜಿಗಿದದ್ದು ಎಲ್ಲಿ ಬಿತ್ತು ಅಂತ ಹುಡುಕುವ ಪಾಡು ಬೇಡ, ಕೆಳಗೆ ಟವೆಲ್ ಹಾಸಿಕೊಳ್ಳಿ.

ಮಂಕಾಗಿ ಕಂಡರೆ ಬೇಸರಪಡುವ ಮೊದಲು ನೀರಲ್ಲಿ ಅದ್ದಿ ನೋಡಿ. ಒದ್ದೆಯಾದಾಗ ತಿಳಿಯಾಗಿ ಕಂಡರೆ ದೋಷ ಮೇಲ್ಮೈಯಲ್ಲಿದೆ. ಸಣ್ಣ ಗೀರುಗಳು ಬೆಳಕನ್ನು ಚದುರಿಸುತ್ತಿವೆ, ನೀರು ಅವನ್ನು ತುಂಬಿದ ಕೂಡಲೇ ಬೆಳಕು ನೇರ ಹೋಗುತ್ತದೆ. ಇಂಥ ತುಂಡನ್ನು 2000 ನಂಬರ್ ಕಾಗದ, ಬ್ರಾಸೊ ಹಾಕಿ ಉಜ್ಜಿ, ಹೊಳಪಿನ ಅಕ್ರಿಲಿಕ್ ವಾರ್ನಿಶ್‌ನಲ್ಲಿ ಒಮ್ಮೆ ಅದ್ದಿ ತೆಗೆದರೆ ಸರಿಹೋಗುತ್ತದೆ. ನೀರಲ್ಲೂ ಬೆಳ್ಳಗೇ ಇದ್ದರೆ ದೋಷ ಒಳಗಿದೆ: ತೇವ, ಸರಿಯಾಗಿ ಕಲಸದ್ದು, ಇಲ್ಲವೇ ಸಣ್ಣ ಗುಳ್ಳೆಗಳ ಸಂತೆ. ಅದನ್ನು ಎಸೆದು ಇನ್ನೊಂದು ಹೊಯ್ಯುವುದೇ ಕಮ್ಮಿ ಕೆಲಸ.

ಉಜ್ಜುವುದೆಲ್ಲ ನೀರು ಹಾಕಿಯೇ ಆಗಲಿ. ರೆಸಿನ್ ಪುಡಿ ಮೂಗಿಗೆ ಹೋಗಬಾರದು.

ಹಂತ 7: ಕೂರಿಸುವುದು

ಇಲ್ಲಿಯವರೆಗೆ ಎಲ್ಲ ಸರಿ ಮಾಡಿ ಕೊನೆಗೆ ಫೆವಿಕ್ವಿಕ್ ಹಾಕಿ ಕೆಡಿಸಿಕೊಳ್ಳುವವರು ತುಂಬ ಜನ. ಅದರ ಆವಿ ಗಾಜಿನ ಮೇಲೆ ಕೂತು ಬಿಳಿ ಮಂಜು ಕಟ್ಟುತ್ತದೆ. ಬಿಳಿ ಫೆವಿಕಾಲ್‌ನ ಚುಕ್ಕಿಗಳನ್ನು ಅಂಚಿಗೆ ಇಟ್ಟು ಕೂರಿಸಿ, ಒಣಗಿದ ಮೇಲೆ ಅದು ಕಾಣುವುದಿಲ್ಲ. ಕೂರಿಸುವ ಮೊದಲು ಗುಂಡಿಯ ಒಳಗೆ ಮಾತ್ರೆ ಪಟ್ಟಿಯ ಹಿಂದಿನ ಬೆಳ್ಳಿ ಹಾಳೆಯನ್ನು ಪೆನ್ನಿನ ದುಂಡು ತುದಿಯಿಂದ ಒತ್ತಿ ಬಟ್ಟಲು ಮಾಡಿ. ಹಿಂದೆ ಹೊಳೆಯುವ ಬಟ್ಟಲಿಲ್ಲದೆ ಎಷ್ಟೇ ಚೆಂದದ ಗಾಜೂ ಕಪ್ಪು ತೂತಿನ ಹಾಗೆ ಕಾಣುತ್ತದೆ.

ಎಪಾಕ್ಸಿ ಬಿಸಿಲಿಗೆ ಹಳದಿ ತಿರುಗುತ್ತದೆ, ಬಿಳಿ ಅಂಬಾಸಡರ್ ಮೇಲೆ ಅದು ಬೇಗ ಎದ್ದು ಕಾಣುತ್ತದೆ. ಮಾದರಿಯನ್ನು ಕಿಟಕಿ ಪಕ್ಕದ ಶೋಕೇಸಿನಲ್ಲಿ ಇಡಬೇಡಿ. ಉಳಿದ ರೆಸಿನ್ ಸಿಂಕಿಗೆ ಸುರಿಯದೆ, ಲೋಟದಲ್ಲೇ ಗಟ್ಟಿಯಾದ ಮೇಲೆ ಕಸಕ್ಕೆ ಹಾಕಿ. ಅಚ್ಚನ್ನು ಸಪಾಟಾಗಿ, ಮೇಲೆ ಏನೂ ಹೇರದೆ, ಮುಚ್ಚಿದ ಡಬ್ಬಿಯಲ್ಲಿ ತೆಗೆದಿಡಿ. ಹೊಯ್ದಂತೆಲ್ಲ ಅಚ್ಚಿನ ಹೊಳಪು ನಿಧಾನವಾಗಿ ಸವೆಯುತ್ತದೆ. ಆಗ ಹೊಸ ಅಚ್ಚು ತೆಗೆಯಲು ಮಾಸ್ಟರ್ ಬೇಕಾಗುತ್ತದೆ, ಅದನ್ನೂ ಹತ್ತಿಯಲ್ಲಿ ಸುತ್ತಿ ಅದೇ ಡಬ್ಬಿಯಲ್ಲಿ ಇಡಿ.